ನಾನು ಕೊಟ್ಟ ಸಲಹೆ

ನಮ್ಮ ಊರ ಕಡೆ ಎತ್ತು ಕೊಳ್ಳಲು ಹೊರಟವನು ಒಬ್ಬನೇ ಜಾತ್ರೆಗೆ ಹೋಗುವ ಪದ್ಧತಿಯಿಲ್ಲ. ನಾನು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ಸಂಕ್ರಾಂತಿಯ ವೇಳೆಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ಅದರೊಡನೆ ದನಗಳ ಜಾತ್ರೆಯೂ ಕೂಡುತ್ತದೆ. ನನಗೆ ಹತ್ತು ವರುಷವಾಗಿದ್ದಾಗ ನಮ್ಮ ತಂದೆಯವರು ಅಲ್ಲಿ ಒಂದು ಜೋಡಿ ಖಿಲಾರಿ ಎತ್ತು ಕೊಳ್ಳಬೇಕೆಂದು ನಿಶ್ಚಯಿಸಿ, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದರು. ಆ ಹಿರಿಯರು ಒಡನೆಯೇ ಎದ್ದು ಹೊರಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ, “ಎತ್ತಿನ ಮಾತು ಆಮ್ಯಾಲ. ಮೊದಲ ನಿನ್ನ ಹೊಲ ಎಂಥಾದ್ದು ಹೇಳಪಾ. ಎರಿ ಐತೋ, ಮಸಾರಿ ಐತೋ?” ಎಂದು ಕೇಳಿದರು. ಇವರ ಹೊಲ ಎಂಥದೆಂಬುದು ಊರಿಗೆಲ್ಲ ಗೊತ್ತಿರುವಾಗ ಇದೆಂಥ ಪ್ರಶ್ನೆ ಎಂದು ನನಗೆ ಆಗ ನಗೆ ಬಂದಿತ್ತು.

ಜಾತ್ರೆಯಲ್ಲಿ ಅವರು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸಿದರು, ಸುಳಿ ನೋಡಿದರು, ಹೆಗಲ ಮೇಲೆ ಕೈಯಾಡಿಸಿದರು, ಹತ್ತು ಹೆಜ್ಜೆ ನಡೆಸಿ ನೋಡಿದರು. ಕೋಡಿಗೆ ಬಳಿದ ಬಣ್ಣವನ್ನಾಗಲಿ, ಕೊರಳಿಗೆ ಕಟ್ಟಿದ ಗೆಜ್ಜೆಯನ್ನಾಗಲಿ ಅವರು ಕಣ್ಣೆತ್ತಿ ಸಹ ನೋಡಲಿಲ್ಲ. ಹಿಂದಿರುಗುವ ದಾರಿಯಲ್ಲಿ ಅವರು ಆಡಿದ ಮಾತೊಂದು ನನಗೆ ಈಗಲೂ ನೆನಪಿದೆ. “ಎತ್ತು ಕೆಟ್ಟರ ಅರ್ಧ ಪಾಲು ಆರಿಸಿದಾವಂದು” ಎಂದಿದ್ದರು. ಆ ಮಾತಿನ ಅರ್ಥ ತಿಳಿಯಲು ನನಗೆ ಮುಂದೆ ಇಪ್ಪತ್ತೈದು ವರುಷ ಬೇಕಾಯಿತು. ತಿಳಿದದ್ದೂ ದನದ ಜಾತ್ರೆಯಲ್ಲಲ್ಲ, ಮುಂಬಯಿಯ ಗಣಕಯಂತ್ರದ ಅಂಗಡಿಯಲ್ಲಿ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಶಿಕ್ಷಕರ ತರಬೇತಿ ಮುಗಿಸಿ ನಾನು ಈ ನಗರಕ್ಕೆ ಬಂದದ್ದು 2012 ರಲ್ಲಿ. ಗಣಕಯಂತ್ರವೆಂಬುದು ನನ್ನ ಪಾಲಿಗೆ ಬಹಳ ಕಾಲ ಬ್ಯಾಂಕಿನ ಗಾಜಿನಾಚೆ ಕುಳಿತಿರುವ ಒಂದು ಪದಾರ್ಥವಾಗಿತ್ತು. 2020 ರ ಮಾರ್ಚಿಯಲ್ಲಿ ಕೊರೋನಾ ಕಾರಣದಿಂದ ದೇಶಕ್ಕೆ ಬೀಗ ಬಿದ್ದಾಗ ಶಾಲೆಗೂ ಬೀಗ ಬಿತ್ತು. ಮುಂದೆ ಪಾಠವು ಮೊಬೈಲಿನ ಒಳಗೆ ನಡೆಯತೊಡಗಿತು. ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲಿ ಬಹುಪಾಲು ಒಂದೇ ಮೊಬೈಲು. ಅದೂ ತಂದೆಯೊಡನೆ ಕೆಲಸಕ್ಕೆ ಹೋಗುತ್ತಿತ್ತು. ಸಂಜೆ ಏಳಕ್ಕೆ ತಂದೆ ಮನೆಗೆ ಬಂದ ಮೇಲೆ ಬೆಳಗಿನ ಪಾಠವನ್ನು ಮಕ್ಕಳು ನೋಡುತ್ತಿದ್ದರು. ಅಷ್ಟು ಸಣ್ಣ ಪರದೆಯ ಮೇಲೆ ಒಂಬತ್ತನೆಯ ತರಗತಿಯ ಬೀಜಗಣಿತವನ್ನು ನೋಡಿದ ಮಕ್ಕಳ ಕಣ್ಣುಗಳಿಗೆ ನಾನು ಇಂದಿಗೂ ಋಣಿ.

2021 ರ ದೀಪಾವಳಿಯ ಮುಂಚೆ ಪಾಲಕರೊಬ್ಬರು ಶಾಲೆಗೆ ಬಂದರು. ಅವರು ಯಾದಗಿರಿಯ ಕಡೆಯವರು, ಗೌಂಡಿ ಕೆಲಸ. ಮಗಳು ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಅಂಗಿಯ ಒಳಕಿಸೆಯಲ್ಲಿ ಹದಿನೆಂಟು ಸಾವಿರ ರೂಪಾಯಿ ಇತ್ತು. “ಹುಡುಗಿಗೆ ಒಂದು ಲ್ಯಾಪ್‌ಟಾಪ್ ತಗೊಡಬೇಕಂತ ಮಾಡೀನ್ರಿ ಸರ್ರ. ನೀವು ಬಂದು ನೋಡಿ ಹೂಂ ಅಂದ್ರ ಸಾಕ್ರಿ. ನಮಗೇನು ತಿಳೀತೈತ್ರಿ?” ಎಂದರು.

ನನಗೂ ತಿಳಿಯುತ್ತಿರಲಿಲ್ಲ. ಆದರೆ ಅದನ್ನು ಹೇಳಲು ನಾಲಗೆ ಬರಲಿಲ್ಲ. ಒಂದೂವರೆ ವರುಷ ಅಂತರಜಾಲದಲ್ಲಿ ಪಾಠ ಹೇಳಿದ ಮಾಸ್ತರನು ಗಣಕಯಂತ್ರದ ಪಂಡಿತನೇ ಇರಬೇಕೆಂಬುದು ಅವರ ನಂಬಿಕೆ. ಆ ನಂಬಿಕೆ ನನಗೆ ಒಳಗೊಳಗೇ ಹಿತವಾಗಿತ್ತು. ಭಾನುವಾರ ಇಬ್ಬರೂ ಕೂಡಿ ಒಂದು ಅಂಗಡಿಗೆ ಹೋದೆವು. ಅಂಗಡಿಯ ಹುಡುಗನು ತೆಳ್ಳಗೆ, ಹಗುರಾಗಿ, ಕನ್ನಡಿಯಂತೆ ಹೊಳೆಯುವ ಒಂದು ಯಂತ್ರವನ್ನು ತೆಗೆದಿಟ್ಟನು. ಹೊಚ್ಚ ಹೊಸದು, ಒಂದು ವರುಷದ ಖಾತರಿ, ವಿಂಡೋಸ್ 10 ಒಳಗೇ ಉಂಟು, ಬೆಲೆ ಹದಿನೇಳೂವರೆ ಸಾವಿರ. ಸಂಗ್ರಹ 32 ಜಿ.ಬಿ., ರಾಮ್ 2 ಜಿ.ಬಿ. ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ನನ್ನ ಮೊಬೈಲೂ 32 ಜಿ.ಬಿ. ಆಗಿದ್ದುದರಿಂದ ಇದು ಸಾಕಾದೀತೆಂದು ನಾನು ತಲೆಯಾಡಿಸಿದೆ. ಕೋಡಿನ ಬಣ್ಣ ನೋಡಿ ಎತ್ತು ಕೊಂಡಂತಾಯಿತು.

ಮುಂದಿನ ಮಾರ್ಚಿ ತಿಂಗಳಲ್ಲಿ ಅವರು ಮತ್ತೆ ಬಂದರು. ಹಿಂದೆ ಮಗಳು ನಿಂತಿದ್ದಳು. ಯಂತ್ರವನ್ನು ಒಂದು ಟವಲಿನಲ್ಲಿ ಸುತ್ತಿಕೊಂಡು ತಂದಿದ್ದರು. “ನಮ್ಮ ಹುಡುಗಿ ಏನರ ಹಾಳ ಮಾಡ್ಯಾಳೇನ್ ನೋಡ್ರಿ ಸರ್ರ. ನಾ ಭಾಳ ಬೈದೀನ್ರಿ. ಸಿಟ್ಟಿನ್ಯಾಗ ಒಂದೇಟು ಹೊಡದೂ ಬಿಟ್ಟೀನಿ” ಎಂದರು. ತೆರೆದು ನೋಡಿದೆ. ಜಾಗ ಸಾಲದು, ಜಾಗ ಸಾಲದು ಎಂದು ಯಂತ್ರ ಒಂದೇ ಸಮನೆ ಗೋಗರೆಯುತ್ತಿತ್ತು. ವಿಂಡೋಸ್ ತನ್ನ ಹೊಸ ಆವೃತ್ತಿಯನ್ನು ಇಳಿಸಿಕೊಳ್ಳಲು ಹೋಗಿ, ಅರ್ಧದಲ್ಲಿ ನಿಂತು, ಹಿಂದಕ್ಕೆ ಸರಿದು, ಮರುದಿನ ಮತ್ತೆ ಅದೇ ಕೆಲಸಕ್ಕೆ ತೊಡಗುತ್ತಿತ್ತು. ಒಂದು ಪುಟ ತೆರೆಯಲು ಎರಡು ನಿಮಿಷ ಹಿಡಿಯುತ್ತಿತ್ತು. ಅದರಲ್ಲಿ ಆ ಹುಡುಗಿಯ ಸ್ವಂತದ್ದು ಎಂದು ಇದ್ದುದು ನಾಲ್ಕು ಪ್ರಬಂಧ, ಹನ್ನೊಂದು ಚಿತ್ರ, ಅಷ್ಟೇ.

“ಕೆಟ್ಟಿದೆಯೆಂದು ನನಗೆ ಮೊದಲೇ ಏಕೆ ಹೇಳಲಿಲ್ಲ?” ಎಂದು ಅವಳನ್ನು ಕೇಳಿದೆ.

ಅವಳು ತಲೆ ತಗ್ಗಿಸಿಕೊಂಡೇ, “ನೀವು ಆರಿಸಿದ್ದಲ್ರೀ ಸರ್, ಅದು ಹೆಂಗ ಕೆಡ್ತೈತಿ? ನನ್ನಿಂದಾನ ಕೆಟ್ಟಿರಬೇಕು ಅನ್ಕೊಂಡೆ” ಎಂದಳು.

ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ನನ್ನ ಅಜ್ಞಾನಕ್ಕೆ ಪೆಟ್ಟು ತಿಂದವಳು ಅವಳು. ‘ಗೊತ್ತಿಲ್ಲ’ ಎಂಬ ಒಂದು ಮಾತನ್ನು ನಾನು ಅಂದು ಆಡಿದ್ದರೆ ಹದಿನೇಳೂವರೆ ಸಾವಿರವೂ ಉಳಿಯುತ್ತಿತ್ತು, ಆ ಹೊಡೆತವೂ ತಪ್ಪುತ್ತಿತ್ತು.

ಇನ್ನು ಕಲಿಯದೆ ಗತ್ಯಂತರವಿರಲಿಲ್ಲ. ಲ್ಯಾಮಿಂಗ್ಟನ್ ರೋಡ್ ಎಂದು ಜನ ಕರೆಯುವ, ದಾಖಲೆಯಲ್ಲಿ ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗವೆನಿಸಿದ ಬೀದಿ ಗ್ರ್ಯಾಂಟ್ ರೋಡ್ ನಿಲ್ದಾಣದ ಬಳಿಯಿದೆ. ವಿದ್ಯುನ್ಮಾನ ಸಾಮಗ್ರಿಗೆ ಅದು ಹೆಸರಾದ ಪೇಟೆ. ಅಲ್ಲಿ ಒಂದು ಮಾಳಿಗೆಯ ಮೇಲೆ ಯಂತ್ರಗಳನ್ನು ದುರಸ್ತಿ ಮಾಡುವ ವಯಸ್ಸಾದವರೊಬ್ಬರಿದ್ದರು. ಅವರ ಬಳಿ ಈ ಯಂತ್ರವನ್ನು ಒಯ್ದು, ಒಳಗೆ ದೊಡ್ಡ ಸಂಗ್ರಹವನ್ನು ಹಾಕಿಕೊಡಲು ಕೇಳಿದೆ. ಅವರು ಹಿಂಬದಿಯ ಮುಚ್ಚಳ ಬಿಚ್ಚಿ ತೋರಿಸಿದರು. ಸಂಗ್ರಹವೂ ರಾಮೂ ಎರಡೂ ಮೂಲ ಹಲಗೆಗೆ ಬೆಸುಗೆಯಾಗಿದ್ದುವು. ತೆಗೆಯುವಂತಿಲ್ಲ, ಬದಲಿಸುವಂತಿಲ್ಲ. “ಇದು ಕೊಂಡ ದಿನ ಎಷ್ಟಿತ್ತೋ ಸಾಯುವ ದಿನವೂ ಅಷ್ಟೇ ಇರುತ್ತದೆ” ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಅನಂತರ ನಾಲ್ಕೈದು ಭಾನುವಾರ ನಾನು ಅವರ ಅಂಗಡಿಯ ಮೂಲೆಯಲ್ಲಿ ಕುಳಿತು ಪಾಠ ಹೇಳಿಸಿಕೊಂಡೆ. ಅಲ್ಲಿ ಕಲಿತದ್ದನ್ನು ನಮ್ಮ ಪಾಲಕರ ಉಪಯೋಗಕ್ಕಾಗಿ ಇಲ್ಲಿ ಬರೆದಿಡುತ್ತೇನೆ.

ಗಣಕಯಂತ್ರದಲ್ಲಿ ಸಂಗ್ರಹವೆಂಬುದು ತರಗತಿಯ ಕಪಾಟು; ರಾಮ್ ಎಂಬುದು ಮಾಸ್ತರನ ಮೇಜು. ಕಪಾಟಿನಲ್ಲಿ ಇಟ್ಟದ್ದು ರಾತ್ರಿ ಬೀಗ ಹಾಕಿದ ಮೇಲೂ ಉಳಿಯುತ್ತದೆ; ಮೇಜಿನ ಮೇಲೆ ಹರಡಿದ್ದನ್ನು ಗಂಟೆ ಹೊಡೆದ ಮೇಲೆ ತೆಗೆಯಲೇಬೇಕು. ಮೇಜು ಚಿಕ್ಕದಾದರೆ ಒಂದು ಪಟ್ಟಿ ತೆರೆಯಲು ಇನ್ನೊಂದನ್ನು ಕಪಾಟಿಗೆ ಇಟ್ಟು ಬರಬೇಕಾಗುತ್ತದೆ. ಮಾಸ್ತರನ ಹೊತ್ತೆಲ್ಲ ಅಡ್ಡಾಡುವುದರಲ್ಲೇ ಕಳೆಯುತ್ತದೆ. 2 ಜಿ.ಬಿ. ರಾಮ್ ಇದ್ದ ನಮ್ಮ ಯಂತ್ರದ ಅವಸ್ಥೆ ಇದೇ ಆಗಿತ್ತು. ಮನೆಯಲ್ಲಿ ಓದು, ಬರಹ, ಅಂತರಜಾಲ ಇವಿಷ್ಟಕ್ಕೆ ಇಂದು 8 ಜಿ.ಬಿ. ರಾಮ್ ಬೇಕು. ಸಂಗ್ರಹ 256 ಜಿ.ಬಿ. ಇದ್ದರೆ ನೆಮ್ಮದಿ. ಪೆಟ್ಟಿಗೆಯ ಮೇಲಿನ ಲೆಕ್ಕಕ್ಕೂ ಯಂತ್ರ ತೋರಿಸುವ ಲೆಕ್ಕಕ್ಕೂ ವ್ಯತ್ಯಾಸ ಕಂಡು ಗಾಬರಿಯಾಗಬೇಕಾದ್ದಿಲ್ಲ. ತಯಾರಕರು ನೂರು ಕೋಟಿ ಬೈಟಿಗೆ ಒಂದು ಜಿ.ಬಿ. ಎನ್ನುತ್ತಾರೆ; ವಿಂಡೋಸ್ 1024 ರ ಗುಣಾಕಾರದಿಂದ ಎಣಿಸುತ್ತದೆ. ಆದ್ದರಿಂದ 32 ಎಂದು ಬರೆದಲ್ಲಿ 29.8 ಕಾಣಿಸುತ್ತದೆ. ಆದರೆ ಅದರಲ್ಲಿ ವಿಂಡೋಸ್ ತಾನೇ ಬಹುಪಾಲು ಜಾಗ ಹಿಡಿದು ಕೂಡುತ್ತದೆಂಬುದನ್ನು ಯಾವ ಪೆಟ್ಟಿಗೆಯೂ ಹೇಳುವುದಿಲ್ಲ.

ಕಪಾಟಿನಲ್ಲಿಯೂ ಎರಡು ಬಗೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಗ್ರಾಮಫೋನಿನಂತೆ ತಟ್ಟೆ ತಿರುಗುತ್ತದೆ, ಮೇಲೆ ಒಂದು ತೋಳು ಓಡಾಡುತ್ತದೆ. ಲ್ಯಾಪ್‌ಟಾಪಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಬೇಕಾದ ಸ್ಥಳಕ್ಕೆ ತೋಳು ಹೋಗಿ ಮುಟ್ಟುವವರೆಗೆ ಯಂತ್ರ ಕಾಯಬೇಕು. ತಿರುಗುವಾಗ ಕೆಳಗೆ ಬಿದ್ದರೆ ತಟ್ಟೆ ಗೀರಿ ಹೋಗುವ ಭಯ ಬೇರೆ. ಎಸ್.ಎಸ್.ಡಿ. ಎಂಬುದರಲ್ಲಿ ತಿರುಗುವ ಭಾಗವೇ ಇಲ್ಲ. ಹಳೆಯ ಯಂತ್ರದ ತಟ್ಟೆಯನ್ನು ತೆಗೆದು ಎಸ್.ಎಸ್.ಡಿ. ಹಾಕಿಸಿದರೆ ಮುದುಕನಿಗೆ ಪ್ರಾಯ ಬಂದಂತಾಗುತ್ತದೆ. ನಿಮ್ಮ ಮನೆಯ ಹಳೆಯ ಯಂತ್ರ ನಿಧಾನವಾಗಿದ್ದರೆ ಹೊಸದನ್ನು ಕೊಳ್ಳುವ ಮುಂಚೆ ಇದನ್ನು ವಿಚಾರಿಸಿರಿ. ಖರ್ಚು ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲಾದೀತು.

ಆ ಹಿರಿಯರು ಹೇಳಿಕೊಟ್ಟ ಮುಖ್ಯ ಮಾತೆಂದರೆ, ಕೈಯಲ್ಲಿ ಹಣ ಕಡಿಮೆಯಿದ್ದಾಗ ಅಗ್ಗದ ಹೊಸ ಯಂತ್ರಕ್ಕಿಂತ ಒಳ್ಳೆಯ ಹಳೆಯ ಯಂತ್ರ ಮೇಲು ಎಂಬುದು. ದೊಡ್ಡ ಕಚೇರಿಗಳು ಕೆಲವು ವರುಷ ಬಳಸಿದ ಲ್ಯಾಪ್‌ಟಾಪುಗಳನ್ನು ಒಟ್ಟಿಗೆ ಮಾರಿಬಿಡುತ್ತವೆ. ಅವು ನೋಡಲು ದಪ್ಪ, ಕಪ್ಪು, ಮೊಂಡು. ಆದರೆ ದುಡಿಮೆಗೆಂದು ಮಾಡಿದವು. ಬಹಳಷ್ಟರಲ್ಲಿ ಮುಚ್ಚಳ ಬಿಚ್ಚಿ ರಾಮನ್ನೂ ಎಸ್.ಎಸ್.ಡಿ.ಯನ್ನೂ ಬದಲಿಸಬಹುದು. ಅಂಥದನ್ನು ಕೊಳ್ಳುವಾಗ ಹಲ್ಲು ಎಣಿಸಬೇಕು. ಇಂಟೆಲ್ ಕೋರ್ ಯಂತ್ರಗಳ ಹೆಸರಿನಲ್ಲಿ ಐ5 ಎಂಬುದರ ಮುಂದೆ ಒಂದು ಸಂಖ್ಯೆ ಇರುತ್ತದೆ. ಅದು 8250 ಎಂದಿದ್ದರೆ ಎಂಟನೆಯ ತಲೆಮಾರು. 10210 ಎಂದಿದ್ದರೆ ಹತ್ತನೆಯದು. ತೀರ ಈಚಿನ ಯಂತ್ರಗಳಲ್ಲಿ ಹೆಸರಿಡುವ ಕ್ರಮ ಬದಲಾಗಿದೆಯಾದರೂ ನಮ್ಮ ಕೈಗೆಟಕುವ ಹಳೆಯವುಗಳಿಗೆ ಈ ಗುರುತು ಸಾಕು. ವಿಂಡೋಸ್ 10 ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025 ರ ಅಕ್ಟೋಬರ್ 14 ರಂದು ಮುಗಿಯಿತು. ವಿಂಡೋಸ್ 11 ಕ್ಕೆ ಕೆಲವೇ ಅಪವಾದಗಳನ್ನು ಬಿಟ್ಟರೆ ಇಂಟೆಲಿನ ಎಂಟನೆಯ ತಲೆಮಾರಿನ ಕೆಳಗಿನವು ನಡೆಯವು. ಜೊತೆಗೆ ಕನಿಷ್ಠ 64 ಜಿ.ಬಿ. ಸಂಗ್ರಹವೂ ಬೇಕು. ಎತ್ತಿಗೆ ಎಂಟು ಹಲ್ಲು ಬಂದರೆ ಬಾಯಿಗೂಡಿತೆನ್ನುತ್ತಾರೆ. ಇಲ್ಲಿಯೂ ಎಂಟೇ ಮೇರೆಯಾದದ್ದು ನನಗೆ ನೆನಪಿಡಲು ಅನುಕೂಲವಾಯಿತು.

ಹಲ್ಲು ನೋಡಿದ ಮೇಲೆ ನಡೆಸಿಯೂ ನೋಡಬೇಕು. ಒಂದೊಂದೇ ಕೀಲಿಯನ್ನು ಒತ್ತಿ ನೋಡಿರಿ. ಮುಚ್ಚಳವನ್ನು ಹತ್ತು ಸಲ ತೆರೆದು ಮುಚ್ಚಿ ಕೀಲು ಸಡಿಲವಾಗಿದೆಯೇ ನೋಡಿರಿ. ಬಿಳಿಯ ಪರದೆ ಮಾಡಿಸಿ ಕಲೆಗಳಿವೆಯೇ ಪರೀಕ್ಷಿಸಿರಿ. ಬ್ಯಾಟರಿ ಹೊಸದಾಗಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ವರದಿಯನ್ನು ವಿಂಡೋಸ್ ತಾನೇ ಬರೆದುಕೊಡುತ್ತದೆ. ಅಂಗಡಿಯವನಿಗೆ ಅದನ್ನು ತೋರಿಸಲು ಹೇಳಿರಿ. ಯಂತ್ರ ಏಳುವ ಮುಂಚೆಯೇ ಹಳೆಯ ಕಚೇರಿಯ ಗುಪ್ತಪದ ಕೇಳಿದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ಯಂತ್ರದ ಕ್ರಮಸಂಖ್ಯೆ ಬರೆದ ರಸೀದಿಯಿಲ್ಲದೆ ಕೊಳ್ಳಲೇಬೇಡಿರಿ. ಕಳವಿನ ಮಾಲು ಯಾರ ಮನೆಗೂ ಒಳಿತಲ್ಲ.

ಆ ಬೇಸಗೆಯಲ್ಲಿ ಗೌಂಡಿಯವರನ್ನೂ ಅವರ ಮಗಳನ್ನೂ ಕರೆದುಕೊಂಡು ಅಲ್ಲಿಗೇ ಹೋದೆ. ಈ ಸಲ ಮೊದಲು ಹೊಲದ ಮಾತು ಕೇಳಿದೆ. ಏನೇನು ಕೆಲಸ ಮಾಡುವೆ, ಎಲ್ಲಿ ಕುಳಿತು ಮಾಡುವೆ, ವಿದ್ಯುತ್ತು ಎಷ್ಟು ಹೊತ್ತು ಇರುತ್ತದೆ, ತಮ್ಮನೂ ಬಳಸುತ್ತಾನೆಯೇ ಎಂದೆಲ್ಲ ವಿಚಾರಿಸಿದೆ. ಎಂಟನೆಯ ತಲೆಮಾರಿನ ಒಂದು ಹಳೆಯ ಯಂತ್ರ 8 ಜಿ.ಬಿ. ರಾಮ್, 256 ಜಿ.ಬಿ. ಎಸ್.ಎಸ್.ಡಿ. ಸಮೇತ ಇಪ್ಪತ್ತೊಂದು ಸಾವಿರಕ್ಕೆ ದೊರೆಯಿತು. ಕೀಲಿಗಳನ್ನು ಒತ್ತಿ ನೋಡಿದವಳು ಅವಳೇ. ನಾನು ಎಂಟು ಸಾವಿರದ ಏಳುನೂರೈವತ್ತು ರೂಪಾಯಿ ಎಣಿಸಿಟ್ಟಾಗ ಅವರು ಕೈಯನ್ನೇ ಹಿಡಿದುಕೊಂಡರು. ಇದು ದಾನವಲ್ಲ, ಮೊದಲನೆಯ ಯಂತ್ರವನ್ನು ಆರಿಸಿದವನ ಅರ್ಧ ಪಾಲು ಎಂದು ನಮ್ಮೂರಿನ ಕಟ್ಟಳೆಯನ್ನು ಹೇಳಿದೆ. ಎತ್ತಿನ ವ್ಯವಹಾರ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮರುಮಾತಾಡದೆ ಉಳಿದ ಹಣವನ್ನು ಭಿಶಿಯಿಂದ ಎತ್ತಿ ಕೊಟ್ಟರು. ಸಣ್ಣ ಯಂತ್ರವನ್ನು ನನ್ನ ಮನೆಗೆ ಕಳುಹಿಸಿದರು.

ಪರರಿಗೆ ಕೊಟ್ಟ ಸಲಹೆಯಲ್ಲಿ ಮಾತ್ರ ನಾನು ಎಡವಿದವನೆಂದು ಓದುಗರು ಭಾವಿಸಬಾರದು. ನನ್ನ ಸ್ವಂತ ಸಂಸಾರದಲ್ಲಿಯೂ ಈ ಬಗೆಯ ಬುದ್ಧಿವಂತಿಕೆಯನ್ನು ಮೆರೆದಿದ್ದೇನೆ. ನಾವಿರುವುದು ಚಾಳಿನ ಒಂದು ಖೋಲಿ, ಅಡಿಗೆಗೊಂದು ಮೂಲೆ. ಅಂತರಜಾಲದ ಪೆಟ್ಟಿಗೆಯನ್ನು, ಎಂದರೆ ರೌಟರನ್ನು, ಮಕ್ಕಳ ಕೈಗೆ ಸಿಗಬಾರದೆಂದು ಕಬ್ಬಿಣದ ಕಪಾಟಿನ ಹಿಂದೆ ಇರಿಸಿದ್ದೆ. ಅಂತರಜಾಲ ಆಮೆಯಂತೆ ತೆವಳುತ್ತಿತ್ತು. 50 ಮೆಗಾಬಿಟ್ಟಿನ ಬದಲು 100 ಮೆಗಾಬಿಟ್ಟಿನ ಸಂಪರ್ಕಕ್ಕೆ ಹಣ ತೆತ್ತೆ. ಆಮೆ ಆಮೆಯಾಗಿಯೇ ಉಳಿಯಿತು. ಕೊನೆಗೆ ತಂತಿ ಎಳೆಯಲು ಬಂದ ಹುಡುಗನು ಪೆಟ್ಟಿಗೆಯನ್ನು ಕಪಾಟಿನ ಮರೆಯಿಂದ ತೆಗೆದು ಎದೆಯೆತ್ತರದ ಗೂಡಿನಲ್ಲಿ ಇಟ್ಟನು. ಅಷ್ಟರಿಂದಲೇ ಎಲ್ಲವೂ ಸರಿಹೋಯಿತು. ರೇಡಿಯೋ ಅಲೆಗಳಿಗೆ ಲೋಹ ಅಡ್ಡಗೋಡೆಯಿದ್ದಂತೆ. ನನ್ನ ತಿಂಗಳ ಹೆಚ್ಚಿನ ಹಣವೆಲ್ಲ ಕಪಾಟಿನ ಬೆನ್ನಿಗೆ ತಾಗಿ ಹಿಂದಿರುಗುತ್ತಿತ್ತು.

ವೈಫೈ ಅಲೆಗಳಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎಂದು ಎರಡು ಬಗೆ ಬಳಕೆಯಲ್ಲಿವೆ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. ಎರಡನೆಯದು ವೇಗವುಳ್ಳದ್ದು, ಆದರೆ ಗೋಡೆಗೆ ಸೋಲುತ್ತದೆ. ಒಂದೇ ಖೋಲಿಯ ಸಂಸಾರಕ್ಕೆ ಎರಡನೆಯದೇ ಯೋಗ್ಯ. ಚಾಳಿನಲ್ಲಿ ಇಪ್ಪತ್ತು ಮನೆಯ ಪೆಟ್ಟಿಗೆಗಳು 2.4 ರಲ್ಲಿಯೇ ಮಾತಾಡತೊಡಗಿದರೆ ಅದು ನಳದ ಮುಂದಿನ ಗದ್ದಲವಾಗುತ್ತದೆ. ಅದರಲ್ಲಿ ಒಂದರ ಮೇಲೊಂದು ಬೀಳದಿರುವ ಹಾದಿಗಳು 1, 6, 11 ಎಂಬ ಮೂರೇ. ಇನ್ನು ವೇಗದ ಲೆಕ್ಕ: ಜಾಹೀರಾತಿನಲ್ಲಿರುವುದು ಬಿಟ್, ನಾವು ಇಳಿಸಿಕೊಳ್ಳುವ ಕಡತದ ಅಳತೆ ಬೈಟ್. ಎಂಟು ಬಿಟ್ಟಿಗೆ ಒಂದು ಬೈಟ್. ಆದ್ದರಿಂದ 100 ಮೆಗಾಬಿಟ್ಟೆಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟು. ನಮ್ಮಂಥ ಮನೆಗಳ ಓದಿಗೂ ವೀಡಿಯೋ ಪಾಠಕ್ಕೂ ಅದರ ಅರ್ಧವೂ ಸಾಕು. ಪೆಟ್ಟಿಗೆಯೊಡನೆ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸಿರಿ. ಕೆಲವು ಸಾವಿರದ ಯಂತ್ರವನ್ನು ಎಂಟಾಣೆಯ ಸಡಿಲು ಪ್ಲಗ್ಗಿಗೆ ಸಿಕ್ಕಿಸಬೇಡಿರಿ. ಮೂರು ಕಾಲಿನ ಪ್ಲಗ್ಗಿನ ಮೂರನೆಯ ಕಾಲು ಅಲಂಕಾರಕ್ಕಾಗಿ ಇರುವುದಲ್ಲ. ಅದನ್ನು ಮುರಿದು ಎರಡು ಕಾಲಿನ ಬೋರ್ಡಿಗೆ ತುರುಕಿದ ಮನೆಗಳನ್ನು ನಾನು ಕಂಡಿದ್ದೇನೆ.

ಇನ್ನೊಂದು ಮಾತು, ಇದನ್ನು ಬರೆಯಲು ನನಗೆ ಸುಲಭವಲ್ಲ. 2016 ರಲ್ಲಿ ಊರಿಗೆ ಹೋಗಿದ್ದಾಗ ನಮ್ಮ ತಾಯಿಯ ಬಾಯಿಂದ ಹನ್ನೆರಡು ಬೀಸುವ ಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೆ. ನಡುನಡುವೆ ಅವಳು ನಿಲ್ಲಿಸಿ, ನನ್ನ ಊಟವಾಯಿತೇ ಎಂದು ಕೇಳುವುದೂ ಅದರಲ್ಲಿತ್ತು. 2018 ರಲ್ಲಿ ಅವಳು ತೀರಿಕೊಂಡಳು. ಮರುವರುಷ ದಾದರಿನ ಸೇತುವೆಯ ಮೇಲಿನ ನೂಕುನುಗ್ಗಲಿನಲ್ಲಿ ಆ ಮೊಬೈಲು ಹೋಯಿತು. ಬೇರೆ ಪ್ರತಿ ಇರಲಿಲ್ಲ. ಮೊಬೈಲಿನ ಬೆಲೆ ಒಂಬತ್ತು ಸಾವಿರವಾಗಿತ್ತು. ಅದನ್ನು ನಾನು ಮರೆತಿದ್ದೇನೆ. ಬಲ್ಲವರು ಹೇಳುವ ಸೂತ್ರ ಇಷ್ಟೇ: ಯಾವುದೇ ಅಮೂಲ್ಯ ಕಡತಕ್ಕೆ ಮೂರು ಪ್ರತಿ ಇರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯ ಹೊರಗಿರಲಿ. ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಊರಿನಲ್ಲಿರುವ ತಮ್ಮನ ಬಳಿ ಅಥವಾ ಅಂತರಜಾಲದ ಖಾತೆಯಲ್ಲಿ. ಪೆನ್ ಡ್ರೈವ್ ಒಂದನ್ನೇ ನಂಬಿ ಇರಬೇಡಿರಿ. ನಿಮ್ಮ ಮನೆಯಲ್ಲಿ ಹಾಡುವ ಅಜ್ಜಿಯಿದ್ದರೆ ಈ ಭಾನುವಾರವೇ ಕುಳ್ಳಿರಿಸಿ ಹಾಡಿಸಿಕೊಳ್ಳಿರಿ. ಅಂದು ರಾತ್ರಿಯೇ ಪ್ರತಿ ಮಾಡಿರಿ.

ಕನ್ನಡದ ಮಕ್ಕಳಿಗೆ ಕನ್ನಡದ ಮಾತೊಂದನ್ನೂ ಹೇಳಬೇಕು. ಕನ್ನಡ ಬರೆಯಲು ಬೇರೆ ತಂತ್ರಾಂಶ ಬೇಕೆಂದು ಅಂಗಡಿಯವರು ಹಣ ಕೇಳಿದರೆ ಕೊಡಬೇಡಿರಿ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಲ್ಲದರಲ್ಲಿಯೂ ಕನ್ನಡದ ಕೀಲಿಮಣೆ ಉಚಿತವಾಗಿಯೇ ದೊರೆಯುತ್ತದೆ. ಮೊದಲು ಹೀಗಿರಲಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಳಸಿಕೊಂಡಿತು. 1998 ರಲ್ಲಿ ‘ಬರಹ’ ಬಂದಿತು. ಇವುಗಳಿಂದ ಸಾವಿರಾರು ಜನ ಕನ್ನಡ ಟೈಪು ಮಾಡಲು ಕಲಿತರು. ಆದರೆ ಅಂದಿನ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕಡತದೊಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ವೇಷ ತೊಡಿಸುತ್ತಿದ್ದರು, ಅಷ್ಟೇ. ಆ ವೇಷ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತಿತ್ತು. ನಮ್ಮ ಈ ವಾರ್ಷಿಕ ಸಂಚಿಕೆಯ ಹಳೆಯ ಕಡತಗಳನ್ನು ತೆರೆದಾಗ ನನಗೆ ಕಂಡದ್ದೂ ಅದೇ; ಪರಿವರ್ತಕ ಸಾಧನದಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಯೂನಿಕೋಡಿನಲ್ಲಿ ಮೊದಲ ಆವೃತ್ತಿಯಿಂದಲೂ, ಎಂದರೆ 1991 ರಿಂದಲೂ, ಕನ್ನಡದ ಪ್ರತಿ ಅಕ್ಷರಕ್ಕೆ ತನ್ನದೇ ಸ್ಥಾನವಿದೆ. ಅದರಲ್ಲಿ ಬರೆದ ‘ಕ’ ಮುಂಬಯಿಯಲ್ಲಿಯೂ ‘ಕ’, ಯಾದಗಿರಿಯಲ್ಲಿಯೂ ‘ಕ’. ಬರೆಯುವುದಾದರೆ ಯೂನಿಕೋಡಿನಲ್ಲಿ ಬರೆಯಿರಿ. ನಿಮ್ಮ ಬರಹವನ್ನು ಮುಂದಿನವರು ಓದಬಲ್ಲರು.

ಆ ಹುಡುಗಿ 2023 ರಲ್ಲಿ ಹತ್ತನೆಯ ತರಗತಿ ಪಾಸಾದಳು. ಈಗ ವಾಣಿಜ್ಯ ಪದವಿಯ ಮೊದಲನೆಯ ವರುಷದಲ್ಲಿದ್ದಾಳೆ. ಅದೇ ಕಪ್ಪು ಮೊಂಡು ಯಂತ್ರದಲ್ಲಿ ತಂದೆಯ ಕೂಲಿಯ ಲೆಕ್ಕವನ್ನೂ ಇಡುತ್ತಾಳೆ. ಒಮ್ಮೆ ಗುತ್ತಿಗೆದಾರನು ಮೂರು ದಿನದ ಕೂಲಿ ಬಿಟ್ಟಿದ್ದು ಆ ಲೆಕ್ಕದಿಂದಲೇ ಗೊತ್ತಾಯಿತೆಂದು ಗೌಂಡಿಯವರು ಬಂದು ಹೇಳಿದರು. ಬ್ಯಾಟರಿ ಸತ್ತಿತ್ತು, ಅವಳೇ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹಾಕಿಸಿಕೊಂಡು ಬಂದಳು. ನನ್ನನ್ನು ಕೇಳಲಿಲ್ಲ. ಕೇಳದಿದ್ದುದು ನನಗೆ ಸಂತೋಷವಾಯಿತು.

ಕಳೆದ ತಿಂಗಳು ಇನ್ನೊಬ್ಬ ಪಾಲಕರು ಬಂದು, ಮಗನಿಗೆ ಯಾವ ಟ್ಯಾಬ್ಲೆಟ್ ಕೊಡಿಸಲೆಂದು ಕೇಳಿದರು. ಟ್ಯಾಬ್ಲೆಟ್ಟುಗಳ ವಿಷಯ ನನಗೆ ಗೊತ್ತಿಲ್ಲವೆಂದು ಹೇಳಿದೆ. ಅವರಿಗೆ ಸ್ವಲ್ಪ ಆಶ್ಚರ್ಯವಾದಂತೆ ಕಂಡಿತು. ಬಳಿಕ ಇಬ್ಬರೂ ಕುಳಿತು ಹುಡುಗನನ್ನು ಕರೆಸಿ, ಅವನಿಗೆ ಅದರಿಂದ ಏನು ಕೆಲಸವಾಗಬೇಕೆಂದು ಕೇಳಿದೆವು.

ಸಣ್ಣ ಯಂತ್ರ ಇನ್ನೂ ನನ್ನ ಬಳಿಯಿದೆ. ಅದರಿಂದ ವಿಂಡೋಸನ್ನು ಅಳಿಸಿ ಲಿನಕ್ಸ್ ಮಿಂಟ್ ಹಾಕಿದ್ದೇನೆ. ಬರಹದ ಕೆಲಸವೊಂದಕ್ಕೆ ಅದು ತಕ್ಕಮಟ್ಟಿಗೆ ಸಾಕಾಗುತ್ತದೆ. ಈ ಲೇಖನವನ್ನು ಟೈಪು ಮಾಡಿದ್ದು ಅದರಲ್ಲಿಯೇ. ಗುಂಡಿ ಒತ್ತಿದರೆ ಏಳಲು ಬಹಳ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ನಾನು ಚಹಕ್ಕೆ ನೀರಿಟ್ಟು ಬರುತ್ತೇನೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ಅದರದಾಗಿರಲಿಲ್ಲ.